ವಾತಕಂಟಕ: ಸ್ಥೂಲರ ಮತ್ತು ಮಧುಮೇಹಿಗಳ ಹಿಮ್ಮಡಿಶೂಲೆಯ ಪೂರ್ವೇತಿಹಾಸ

ಹಿಮ್ಮಡಿಯ ಮೂಳೆಯ ಅಡಿಯಲ್ಲಿ ಮುಂದಕ್ಕೆ ಚಾಚಿದ ಮುಳ್ಳಿನಂತೆ ಬೆಳೆಯುವ ಅಸ್ಥ್ಯಂಕುರವನ್ನು ಈಚಿನ ಆಯುರ್ವೇದ ಲೇಖಕರು 'ವಾತಕಂಟಕ'ವೆಂಬ ಪ್ರಾಚೀನನಾಮದಿಂದ ವ್ಯವಹರಿಸುವುದು ರೂಢಿಗೆ ಬಂದಿದೆ. ಹೆಸರಿನಲ್ಲಿ ಕಂಟಕಶಬ್ದವಿರುವುದೂ, ಕ್ಷಕಿರಣದ ಚಿತ್ರದಲ್ಲಿ ಮುಳ್ಳಿನ ಆಕೃತಿಯೇ ಕಾಣುವುದೂ ಈ ಸಮೀಕರಣಕ್ಕೆ ಮುಖ್ಯ ಆಧಾರಗಳು. ಇವೆರಡನ್ನು ಸೇರಿಸಿ, ಕ್ಷಕಿರಣವು ಹುಟ್ಟುವುದಕ್ಕೆ ಶತಮಾನಗಳ ಹಿಂದೆಯೇ ಸುಶ್ರುತನು ಈ ಮೂಳೆಯ ಮುಳ್ಳನ್ನು ಕಂಡಿದ್ದನೆಂದು ಹೇಳುವವರೂ ಇದ್ದಾರೆ. ಇದು ಎಷ್ಟರಮಟ್ಟಿಗೆ ಗ್ರಂಥಸಮ್ಮತವಾದುದೆಂಬುದು ವಿಚಾರಾರ್ಹವಾಗಿದೆ.

ವಿಚಾರವು ಕೇವಲ ಶಬ್ದಸಂಬಂಧವಾದುದಲ್ಲ. ಹಿಮ್ಮಡಿಯ ಈ ಬೇನೆಯು ಮೈಯಲ್ಲಿ ಬೊಜ್ಜು ತುಂಬಿದವರಲ್ಲಿ ನಿಶ್ಚಯವಾಗಿಯೂ, ಸಿಹಿಮೂತ್ರರೋಗವುಳ್ಳವರಲ್ಲಿ ಬಹುಮಟ್ಟಿಗೂ ಹೆಚ್ಚಾಗಿ ಕಂಡುಬರುತ್ತದೆ. ಈ ಉಭಯರಿಗೂ ಪ್ರಾಚೀನರು ವಿಧಿಸಿದ, ಆಧುನಿಕರೂ ಒಪ್ಪಿದ ಚಿಕಿತ್ಸೆಗಳಲ್ಲಿ ನಡೆಯುವುದೇ ಮೊದಲಾದುದು. ನಡೆದಲ್ಲದೆ ಗುಣವಿಲ್ಲ, ಹಿಮ್ಮಡಿಯನ್ನು ನೆಲಕ್ಕೆ ಊರಿದರೆ ಮುಳ್ಳು ಚುಚ್ಚಿದಂತಾಗುತ್ತದೆ. ಹೀಗೆ ಔಷಧವೇ ಅಸಾಧ್ಯವಾಗುವ ಈ ಇಕ್ಕಟ್ಟನ್ನು ಪೂರ್ವಾಚಾರ್ಯರು ಕಂಡಿದ್ದರೆ? ಕಂಡಿದ್ದರೆ ಏನೆಂದು ಹೇಳಿದರು? ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆಯು.

ಮೊದಲು ಹೆಸರಿನ ವಿಷಯ. ಸುಶ್ರುತಸಂಹಿತೆಯ ನಿದಾನಸ್ಥಾನದ ಪ್ರಥಮಾಧ್ಯಾಯವು ವಾತವ್ಯಾಧಿಗಳಿಗೆ ಮೀಸಲಾದುದು. ಅಲ್ಲಿ ವಾತಕಂಟಕದ ಲಕ್ಷಣವು ಒಂದೇ ಶ್ಲೋಕದಲ್ಲಿ ಮುಗಿಯುತ್ತದೆ. ಪಾದವನ್ನು ವಿಷಮವಾಗಿ ಊರಿದಾಗ ವಾಯುವು ಪ್ರಕೋಪಗೊಂಡು 'ಖುಡಕ'ವನ್ನು ಆಶ್ರಯಿಸಿ ನೋವನ್ನುಂಟುಮಾಡುತ್ತದೆ. ಅದೇ ವಾತಕಂಟಕ ಎಂಬುದು ಅದರ ತಾತ್ಪರ್ಯವು. ಇಲ್ಲಿ ಮೂಳೆ ಬೆಳೆಯುವ ಮಾತಾಗಲಿ, ಗಂಟಿನ ಮಾತಾಗಲಿ, ಊತದ ಮಾತಾಗಲಿ ಇಲ್ಲ. ವಾಗ್ಭಟನು ಅಷ್ಟಾಂಗಹೃದಯದ ನಿದಾನಸ್ಥಾನದಲ್ಲಿ ಇದನ್ನೇ ಹೇಳುವಾಗ ಎರಡು ಮಾರ್ಪಾಡುಗಳನ್ನು ಮಾಡಿದ್ದಾನೆ. ವಿಷಮನ್ಯಾಸದ ಜೊತೆಗೆ ಶ್ರಮವನ್ನೂ ಕಾರಣವಾಗಿ ಎಣಿಸಿದ್ದಾನೆ. ಖುಡಕದ ಸ್ಥಾನದಲ್ಲಿ 'ಗುಲ್ಫ'ವೆಂಬ ಸ್ಪಷ್ಟಶಬ್ದವನ್ನು ಇಟ್ಟಿದ್ದಾನೆ. ಮಾಧವನಿದಾನವು ವಾಗ್ಭಟನ ಮಾತನ್ನೇ ಸ್ವೀಕರಿಸಿತು. ಮಾಧವನಿದಾನವನ್ನು ಕಂಠಪಾಠಮಾಡಿದ ವೈದ್ಯಪರಂಪರೆಯೆಲ್ಲವೂ ಆದುದರಿಂದ ಗುಲ್ಫವನ್ನೇ ರೋಗಸ್ಥಾನವೆಂದು ತಿಳಿದುಬಂದಿತು.

ಖುಡಕವೆಂದರೆ ಪಾದವೂ ಜಂಘೆಯೂ ಕೂಡುವ ಸಂಧಿಯೆಂಬುದು ವ್ಯಾಖ್ಯಾನಕಾರರಲ್ಲಿ ಪ್ರಚಲಿತವಾದ ಅರ್ಥವು. ಗುಲ್ಫವೆಂದರೆ ಕನ್ನಡದ ಹರಡು. ಹಿಮ್ಮಡಿಗೆ ಸಂಸ್ಕೃತದಲ್ಲಿ 'ಪಾರ್ಷ್ಣಿ'ಯೆಂಬ ಬೇರೆಯ ಹೆಸರೇ ಉಂಟು. ಗುಲ್ಫಗಳ ಕೆಳಗಿರುವುದು ಪಾರ್ಷ್ಣಿಯೆಂದು ಅಮರಸಿಂಹನು ಮನುಷ್ಯವರ್ಗದಲ್ಲಿ ವಿಂಗಡಿಸಿ ಹೇಳಿದ್ದಾನೆ. ಕೋಶವನ್ನು ಓದಿದ ಬಾಲಕನಿಗೂ ತಿಳಿದಿರುವ ಈ ಭೇದವು ಸಂಹಿತಾಕಾರರಿಗೆ ತಿಳಿಯದೆ ಇದ್ದಿತೆಂದು ಹೇಳುವಂತಿಲ್ಲ. ಹಿಮ್ಮಡಿಯ ತಳವನ್ನೇ ಹೇಳುವುದು ಅವರ ಇಷ್ಟವಾಗಿದ್ದರೆ ಪಾರ್ಷ್ಣಿಶಬ್ದವನ್ನು ಬಿಟ್ಟು ಗುಲ್ಫವನ್ನು ಏಕೆ ಹಿಡಿಯಬೇಕು? ಆದುದರಿಂದ ವಾತಕಂಟಕವು ಹರಡಿನ ಸುತ್ತುಮುತ್ತಣ ಅನೇಕ ವೇದನೆಗಳಿಗೆ, ಮುಖ್ಯವಾಗಿ ಕಾಲು ಉಳುಕಿದಾಗ ಉಂಟಾಗುವ ನೋವಿಗೆ, ಇಟ್ಟ ಹೆಸರೆಂದೂ, ಹಿಮ್ಮಡಿಶೂಲೆಯು ಅದರಲ್ಲಿ ಒಂದು ಭಾಗವಾಗಿ ಮಾತ್ರ ಅಡಗಿರಬಹುದೆಂದೂ ತಿಳಿಯುವುದು ಯುಕ್ತವು. ಚರಕನಾದರೋ ಸೂತ್ರಸ್ಥಾನದ ಇಪ್ಪತ್ತನೆಯ ಅಧ್ಯಾಯದಲ್ಲಿ ವಾಯುವೊಂದರಿಂದಲೇ ಹುಟ್ಟುವ ಎಂಬತ್ತು ವಿಕಾರಗಳನ್ನು ಎಣಿಸುವಾಗ ಕಾಲುಗುರಿನಿಂದಲೇ ಪ್ರಾರಂಭಿಸಿ ಮೇಲಕ್ಕೆ ಹೋಗುತ್ತಾನೆ. ಪಾದಶೂಲೆ, ಪಾದಸುಪ್ತತೆ, ವಾತಖುಡ್ಡತೆ, ಗುಲ್ಫಗ್ರಹ ಇವೆಲ್ಲವೂ ಆ ಪಟ್ಟಿಯಲ್ಲಿ ಬೇರೆಬೇರೆಯಾಗಿ ಬರುತ್ತವೆ. ಪಾದದ ನೋವು, ಪಾದದ ಜೋಮು, ಹರಡಿನ ಹಿಡಿತ ಇವು ಒಂದಲ್ಲವೆಂಬ ವಿವೇಕವು ಅವನಲ್ಲಿ ಸ್ಪಷ್ಟವಾಗಿದೆ. ವಾತಕಂಟಕವೆಂಬ ಹೆಸರು ಮಾತ್ರ ಅಲ್ಲಿ ಇಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ನಿವಾರಿಸಬೇಕು. ಕನ್ನಡನಾಡಿನ ಹಳ್ಳಿಗಳಲ್ಲಿ 'ಆಣಿ'ಯೆಂದು ಕರೆಯುವ ಅಂಗಾಲಿನ ಗಂಟನ್ನು ಕೆಲವರು ಇದರೊಡನೆ ಬೆರಸುತ್ತಾರೆ. ಅದು ಸುಶ್ರುತನು ಕ್ಷುದ್ರರೋಗಗಳಲ್ಲಿ ಹೇಳಿದ 'ಕದರ'ವು. ಹರಳು ಒತ್ತಿದುದರಿಂದಲೋ ಮುಳ್ಳು ಮೊದಲಾದುವು ಚುಚ್ಚಿದುದರಿಂದಲೋ ಮೊಳೆಯಂತೆ ಗಟ್ಟಿಯಾದ ಗ್ರಂಥಿಯು ಏಳುತ್ತದೆಂದು ಅದರ ಲಕ್ಷಣವು. ಅಲ್ಲಿ ನಿಜವಾದ ಮುಳ್ಳೂ ಇದೆ, ಕೈಗೆ ಸಿಕ್ಕುವ ಗಂಟೂ ಇದೆ. ಹಾಗಿದ್ದರೂ ಅದರ ಹೆಸರಿನಲ್ಲಿ ಕಂಟಕಶಬ್ದವಿಲ್ಲ. ವಾತಕಂಟಕದಲ್ಲಿ ಮುಳ್ಳೂ ಇಲ್ಲ, ಗಂಟೂ ಇಲ್ಲ. ಹೆಸರಿನಲ್ಲಿ ಮಾತ್ರ ಕಂಟಕವಿದೆ. ಆ ಶಬ್ದವು ವಸ್ತುವನ್ನು ಹೇಳದೆ ವೇದನೆಯ ರೀತಿಯನ್ನು ಹೇಳುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಾಗಿಲ್ಲ. ವಾಯುವೇ ಮುಳ್ಳಾಗಿ ಚುಚ್ಚುತ್ತದೆ ಎಂಬುದು ಆ ಸಮಾಸದ ಸ್ವಾರಸ್ಯವು.

ಇನ್ನು ಸ್ಥೌಲ್ಯ ಮತ್ತು ಪ್ರಮೇಹಗಳ ಪ್ರಕರಣಕ್ಕೆ ಬರಬಹುದು. ವಾಚಕರು ಗಮನಿಸಬೇಕಾದುದು, ಸಂಹಿತೆಗಳಲ್ಲಿ ಇವು ವಾತಕಂಟಕದಿಂದ ಬಹುದೂರದಲ್ಲಿವೆ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲನ ಎಂಟು ದೋಷಗಳು ಹೇಳಲ್ಪಟ್ಟಿವೆ: ಆಯುಸ್ಸಿನ ಕುಗ್ಗುವಿಕೆ, ಚಲನವೇಗದ ತಡೆ, ಮೈಥುನದಲ್ಲಿ ಕಷ್ಟ, ದೌರ್ಬಲ್ಯ, ದುರ್ಗಂಧ, ಬೆವರಿನ ಬಾಧೆ, ಅತಿಯಾದ ಹಸಿವು, ಅತಿಯಾದ ಬಾಯಾರಿಕೆ. ಮೇದಸ್ಸು ಮಾರ್ಗಗಳನ್ನು ಮುಚ್ಚಲು, ವಾಯುವು ಕೋಷ್ಠದಲ್ಲಿಯೇ ಸಂಚರಿಸುತ್ತ ಜಠರಾಗ್ನಿಯನ್ನು ಊದಿ ಉರಿಸುತ್ತದೆ. ಉರಿದ ಅಗ್ನಿಯು ಆಹಾರವನ್ನು ಬೇಡುತ್ತದೆ. ಆಹಾರದಿಂದ ಮೇದಸ್ಸೇ ಬೆಳೆಯುತ್ತದೆ. ಕಾಡುಗಿಚ್ಚು ಕಾಡನ್ನು ಸುಡುವಂತೆ ಅಗ್ನಿವಾಯುಗಳು ಸ್ಥೂಲನನ್ನು ಸುಡುತ್ತವೆಂದು ಆಚಾರ್ಯನು ದೃಷ್ಟಾಂತವನ್ನು ಕೊಟ್ಟಿದ್ದಾನೆ. ಸ್ಥೌಲ್ಯ ಕಾರ್ಶ್ಯಗಳೆರಡರಲ್ಲಿ ಕಾರ್ಶ್ಯವೇ ಲೇಸೆಂದು ಅವನು ತೀರ್ಪುಕೊಡುವುದು ಈ ಸುಳಿಯನ್ನು ಕಂಡೇ. ಪೋಷಿಸಿದರೆ ಬೊಜ್ಜು ಬೆಳೆಯುವುದು, ಉಪವಾಸವಿಟ್ಟರೆ ಉರಿಯುವ ಅಗ್ನಿಯನ್ನು ಅವನು ತಾಳಲಾರನು. ಚಿಕಿತ್ಸೆಯೇ ಚಿಕಿತ್ಸೆಗೆ ಅಡ್ಡವಾಗುವ ಸ್ಥಿತಿಯನ್ನು ಆಹಾರದ ವಿಷಯದಲ್ಲಿ ಚರಕನು ಪೂರ್ಣವಾಗಿ ಬಲ್ಲನು. ನಡೆಗೆಯ ವಿಷಯದಲ್ಲಿ ಅದೇ ಸ್ಥಿತಿಯಿದೆಯೆಂಬುದನ್ನು ಬಲ್ಲನೇ?

ಚರಕನ ನಿದಾನಸ್ಥಾನದ ಪ್ರಮೇಹಾಧ್ಯಾಯದ ಕೊನೆಯಲ್ಲಿ ಪ್ರಸಿದ್ಧವಾದ ಒಂದು ಉಪಮೆಯುಂಟು. ತಿನಿಸಿನಲ್ಲಿ ಆಸೆಬುರುಕನಾಗಿ, ಸ್ನಾನವನ್ನೂ ಚಂಕ್ರಮಣವನ್ನೂ, ಎಂದರೆ ಅಡ್ಡಾಡುವುದನ್ನೂ, ದ್ವೇಷಿಸುವವನ ಬಳಿಗೆ ಪ್ರಮೇಹವು ಗೂಡಿರುವ ಮರಕ್ಕೆ ಹಕ್ಕಿಯು ಬರುವಂತೆ ಬೇಗನೆ ಬರುತ್ತದೆ ಎಂದು. ಉತ್ಸಾಹಹೀನನಾದ ಅತಿಸ್ಥೂಲನನ್ನು ಮೃತ್ಯುವೇ ಪ್ರಮೇಹದ ರೂಪದಿಂದ ಕೊಂಡೊಯ್ಯುವುದೆಂದು ಮುಂದಿನ ಮಾತು. ಇಲ್ಲಿ ಚಂಕ್ರಮಣದ್ವೇಷವು ರೋಗಕ್ಕೆ ಹೇತು. ರೋಗಿಯ ಶೀಲದಲ್ಲಿರುವ ಕುಂದು.

ಸುಶ್ರುತನು ಈ ಸಂಗತಿಯನ್ನೇ ಬೇರೆ ಸ್ಥಾನದಲ್ಲಿ ಇಟ್ಟಿದ್ದಾನೆ. ಅವನೂ ಹಗಲುನಿದ್ರೆ, ಅವ್ಯಾಯಾಮ, ಆಲಸ್ಯಗಳನ್ನು ಪ್ರಮೇಹದ ಹೇತುಗಳಲ್ಲಿ ಎಣಿಸದೆ ಇಲ್ಲ. ಆದರೆ ಅದೇ ಅಧ್ಯಾಯದಲ್ಲಿ, ಮಧುಮೇಹವು ಪ್ರಾಪ್ತವಾದ ಮೇಲೆ ರೋಗಿಯು ಹೇಗಿರುವನೆಂಬುದನ್ನು ಹೇಳುತ್ತ, ಅವನು ನಡೆಯುವುದಕ್ಕಿಂತ ನಿಲ್ಲುವುದನ್ನೂ, ನಿಲ್ಲುವುದಕ್ಕಿಂತ ಕುಳಿತುಕೊಳ್ಳುವುದನ್ನೂ, ಕುಳಿತುಕೊಳ್ಳುವುದಕ್ಕಿಂತ ಮಲಗುವುದನ್ನೂ, ಮಲಗುವುದಕ್ಕಿಂತ ನಿದ್ರಿಸುವುದನ್ನೂ ಬಯಸುವನೆಂದು ಮೆಟ್ಟಲುಮೆಟ್ಟಲಾಗಿ ಇಳಿಸುತ್ತಾನೆ. ಈ ಮಾತಿನಲ್ಲಿ ನಿಂದೆಯ ಧ್ವನಿಯಿಲ್ಲ. ಚರಕನಲ್ಲಿ ಹೇತುವಾಗಿದ್ದುದು ಸುಶ್ರುತನಲ್ಲಿ ಲಿಂಗವೂ ಆಗಿದೆ. ಶಾಸ್ತ್ರದಲ್ಲಿ ಹೇತುಲಿಂಗಗಳ ಭೇದವು ಸಾಮಾನ್ಯವಾದುದಲ್ಲ. ಹೇತುವನ್ನು ರೋಗಿಯು ತ್ಯಜಿಸಬೇಕು. ಲಿಂಗವನ್ನು ವೈದ್ಯನು ಪರೀಕ್ಷಿಸಬೇಕು. ನಡೆಯಲೊಲ್ಲದ ಸ್ಥೂಲನನ್ನು ಸೋಮಾರಿಯೆಂದು ಗದರಿಸುವ ವೈದ್ಯನು ಚರಕವಾಕ್ಯದ ಅರ್ಧವನ್ನು ಮಾತ್ರ ಹಿಡಿದವನು. ಅವನ ಹಿಮ್ಮಡಿಯನ್ನು ಒತ್ತಿ ನೋಡುವ ವೈದ್ಯನು ಸುಶ್ರುತಮಾರ್ಗದಲ್ಲಿ ನಡೆಯುವವನು. ಹಿಮ್ಮಡಿಶೂಲೆಯ ಸ್ವಭಾವವನ್ನು ಬಲ್ಲವರಿಗೆ ಸುಶ್ರುತನ ಆ ಇಳಿತದ ಕ್ರಮವು ಮತ್ತಷ್ಟು ಅರ್ಥವತ್ತಾಗಿ ಕಾಣುವುದು. ಏಕೆಂದರೆ ಈ ಬೇನೆಯು ಬೆಳಿಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಯಲ್ಲಿಯೂ, ಬಹಳ ಹೊತ್ತು ಕುಳಿತು ಎದ್ದಾಗಲೂ ಅತ್ಯಂತ ತೀವ್ರವಾಗಿರುತ್ತದೆ. ಕೆಲವು ಹೆಜ್ಜೆ ನಡೆದರೆ ಸ್ವಲ್ಪ ಇಳಿಯುತ್ತದೆ. ಬಹುಕಾಲ ನಿಂತರೆ ಮತ್ತೆ ಏರುತ್ತದೆ. ಇಂಥವನು ಕುಳಿತಲ್ಲಿಂದ ಏಳಲು ಹಿಂಜರಿಯುವುದರಲ್ಲಿ ಆಶ್ಚರ್ಯವೇನು?

ಸುಶ್ರುತನು ಹಿಮ್ಮಡಿಯನ್ನೇ ಮನಸ್ಸಿನಲ್ಲಿಟ್ಟು ಆ ಮಾತನ್ನಾಡಿದನೆಂದು ಇದರಿಂದ ಸಾಧಿಸಲಾಗದು. ಮಧುಮೇಹಿಯ ಬಳಲಿಕೆಗೆ ಬೇರೆ ಕಾರಣಗಳೂ ಬೇಕಾದಷ್ಟಿವೆ. ಆದರೆ ಮೂರು ವ್ಯಾಧಿಗಳನ್ನು ಕೂಡಿಸುವ ಸೂತ್ರವು ಅವನಲ್ಲಿ ಸರ್ವಥಾ ಇಲ್ಲವೆಂದೂ ಹೇಳಲಾಗದು. ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ಸ್ಥೂಲನ ಗತಿಯನ್ನು ವರ್ಣಿಸುತ್ತ, ಅವನು ಪ್ರಮೇಹ, ಪಿಡಕೆ, ಜ್ವರ, ಭಗಂದರ, ವಿದ್ರಧಿ, ವಾತವಿಕಾರ ಇವುಗಳಲ್ಲಿ ಯಾವುದಾದರೊಂದಕ್ಕೆ ತುತ್ತಾಗಿ ಮರಣವನ್ನು ಹೊಂದುವನೆಂದಿದ್ದಾನೆ. ಸ್ಥೌಲ್ಯವೆಂಬ ಒಂದೇ ಬುಡದಿಂದ ಪ್ರಮೇಹವೂ ವಾತವಿಕಾರವೂ ಕವಲೊಡೆಯುವುದು ಇಲ್ಲಿ ಕಂಠೋಕ್ತವಾಗಿದೆ. ಮುಂದೆ ಮೂವತ್ತಮೂರನೆಯ ಅಧ್ಯಾಯದಲ್ಲಿ ದುಶ್ಚಿಕಿತ್ಸ್ಯಗಳಾದ ಎಂಟು ಮಹಾವ್ಯಾಧಿಗಳನ್ನು ಎಣಿಸುವಾಗಲೂ ವಾತವ್ಯಾಧಿಯೂ ಪ್ರಮೇಹವೂ ಅಕ್ಕಪಕ್ಕದಲ್ಲಿಯೇ ಬರುತ್ತವೆ. ಪ್ರಮೇಹದ ಪೂರ್ವರೂಪಗಳಲ್ಲಿ ಮೊದಲು ಹೇಳಲ್ಪಟ್ಟಿರುವುದೇ ಅಂಗೈ ಅಂಗಾಲುಗಳ ಉರಿ. ಚರಕನು ಅದಕ್ಕೆ ಅಂಗಗಳ ಸುಪ್ತತೆಯನ್ನೂ ಸೇರಿಸಿದ್ದಾನೆ. ಇವೆಲ್ಲಕ್ಕಿಂತಲೂ ಸೂಕ್ಷ್ಮವಾದುದು ಚಿಕಿತ್ಸಾಸ್ಥಾನದ ಹನ್ನೆರಡನೆಯ ಅಧ್ಯಾಯದ ಮಾತು: ಪ್ರಮೇಹಿಗಳಲ್ಲಿ ರಸಾಯನಿಗಳು, ಎಂದರೆ ರಸವಾಹಿನಿಗಳು, ದುರ್ಬಲವಾಗಿರುವುದರಿಂದ ದೋಷಗಳು ಮೇಲಕ್ಕೆ ಏರಲಾರವು, ಆದುದರಿಂದಲೇ ಮಧುಮೇಹಿಗಳಿಗೆ ದೇಹದ ಕೆಳಭಾಗದಲ್ಲಿ ಪಿಡಕೆಗಳು ಹುಟ್ಟುತ್ತವೆ. ಮಧುಮೇಹಿಯ ಕಾಲುಗಳಲ್ಲಿ ರಕ್ತಸಂಚಾರವೂ ಸ್ಪರ್ಶಜ್ಞಾನವೂ ಕುಗ್ಗಿ ವ್ರಣಗಳು ಮಾಯದೆ ಹೋಗುವುದನ್ನು ಈಗಿನ ಆಸ್ಪತ್ರೆಗಳಲ್ಲಿ ದಿನವೂ ಕಾಣುತ್ತಿರುವವರಿಗೆ ಈ ವಾಕ್ಯವು ಅಪರಿಚಿತವೆಂದು ತೋರಲಾರದು. ಎರಡು ಶಾಸ್ತ್ರಗಳ ಪರಿಭಾಷೆಯು ಬೇರೆ. ಕಂಡ ಕಾಲು ಒಂದೇ.

ಚಿಕಿತ್ಸೆಯಲ್ಲಿ ಸುಶ್ರುತನು ತೋರಿಸಿರುವ ಲೋಕಾನುಭವವು ಅಪೂರ್ವವಾದುದು. ಪ್ರಮೇಹವು ಸಹಜವೆಂದೂ ಅಪಥ್ಯನಿಮಿತ್ತವೆಂದೂ ಎರಡು ವಿಧ. ಮೊದಲನೆಯದರಲ್ಲಿ ರೋಗಿಯು ಕೃಶನು, ಎರಡನೆಯದರಲ್ಲಿ ಸ್ಥೂಲನೂ ಬಹುಭೋಜಿಯೂ ಶಯ್ಯಾಸನಪ್ರಿಯನೂ ಆಗಿರುವನು. ಯುರೋಪಿನಲ್ಲಿ ಫ್ರಾನ್ಸ್ ದೇಶದ ಲಾನ್ಸೆರೋ ಎಂಬ ವೈದ್ಯನು ಕೃಶರ ಮಧುಮೇಹವೂ ಸ್ಥೂಲರ ಮಧುಮೇಹವೂ ಬೇರೆಯೆಂದು ವಾದಿಸಿದುದು ೧೯ನೆಯ ಶತಮಾನದ ಉತ್ತರಾರ್ಧದಲ್ಲಿ. ಇನ್ಸುಲಿನ್ನಿಗೆ ಬಗ್ಗುವ ಮಧುಮೇಹವೂ ಬಗ್ಗದ ಮಧುಮೇಹವೂ ಉಂಟೆಂದು ಇಂಗ್ಲೆಂಡಿನ ಹಿಮ್ಸ್‌ವರ್ತನು ಪ್ರಯೋಗದಿಂದ ತೋರಿಸಿದುದು ೧೯೩೬ರಲ್ಲಿ. ಈ ವಿಭಾಗಗಳು ಪರಸ್ಪರ ಸಂಪೂರ್ಣವಾಗಿ ಹೊಂದುತ್ತವೆಂದು ಹೇಳುವುದು ಸಾಹಸವಾದೀತು. ದಿಕ್ಕು ಒಂದೇ ಎಂದರೆ ಸಾಕು.

ಎರಡನೆಯ ವಿಧದ ರೋಗಿಗೆ ಚಿಕಿತ್ಸಾಸ್ಥಾನದ ಹನ್ನೊಂದನೆಯ ಅಧ್ಯಾಯವು ವಿಧಿಸುವುದು ದೇಹಶ್ರಮವನ್ನು. ಅದು ಎಲ್ಲರಿಗೂ ಒಂದೇ ರೀತಿಯದಲ್ಲ. ಧನವಿಲ್ಲದ, ಬಂಧುಗಳಿಲ್ಲದ ರೋಗಿಯು ಪಾದರಕ್ಷೆಯೂ ಕೊಡೆಯೂ ಇಲ್ಲದೆ, ಭಿಕ್ಷಾನ್ನವನ್ನುಂಡು, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ಜಿತೇಂದ್ರಿಯನಾಗಿ ನೂರು ಯೋಜನಗಳನ್ನೋ ಅದಕ್ಕಿಂತ ಹೆಚ್ಚಾಗಿಯೋ ನಡೆಯಬೇಕು. ಐಶ್ವರ್ಯವಂತನು ಶ್ಯಾಮಾಕನೀವಾರಾದಿ ತೃಣಧಾನ್ಯಗಳಿಂದ ಜೀವಿಸುತ್ತ, ನೆಲ್ಲಿ ಬೇಲಗಳಂಥ ಒಗರು ಹಣ್ಣುಗಳನ್ನು ತಿನ್ನುತ್ತ ಜಿಂಕೆಗಳೊಡನೆ ವಾಸಿಸಬೇಕು. ಇಲ್ಲವೆ ಸದಾ ಹಸುಗಳ ಹಿಂದೆ ತಿರುಗಬೇಕು. ಬ್ರಾಹ್ಮಣನಿಗೆ ಹಕ್ಕಲು ಕಾಳನ್ನು ಆಯ್ದು ಬಾಳುವ ವೃತ್ತಿ. ಇತರರು ನೇಗಿಲು ಹಿಡಿದು ಉಳಬೇಕು ಅಥವಾ ಬಾವಿಯನ್ನು ತೋಡಬೇಕು. ಕೃಶನನ್ನು ಮಾತ್ರ ಸದಾ ಕಾಪಾಡಬೇಕು, ಅವನಿಗೆ ಈ ಶ್ರಮವು ಸಲ್ಲದು. ಯೋಜನದ ಪ್ರಮಾಣವು ಗ್ರಂಥದಿಂದ ಗ್ರಂಥಕ್ಕೆ ಭಿನ್ನವಾಗಿದೆ. ಐದು ಮೈಲಿಗಳೆಂದು ಕಡಮೆಯಾಗಿ ಹಿಡಿದರೂ ನೂರು ಯೋಜನವು ಐನೂರು ಮೈಲಿಗಳಾಯಿತು. ಪ್ಯಾರಿಸ್ ನಗರವು ೧೮೭೦-೭೧ರಲ್ಲಿ ಶತ್ರುಸೈನ್ಯದ ಮುತ್ತಿಗೆಗೆ ಸಿಕ್ಕಿ ಅನ್ನಕ್ಕೆ ಬರಬಂದಾಗ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆಯು ಮಾಯವಾದುದನ್ನು ಬುಷಾರ್ದಾ ಎಂಬ ವೈದ್ಯನು ಕಂಡು, ಮಿತಾಹಾರವನ್ನೂ ಶರೀರಶ್ರಮವನ್ನೂ ಬಲವಾಗಿ ಬೋಧಿಸಿದನು. ಸುಶ್ರುತನ ಈ ಅಧ್ಯಾಯವನ್ನು ಅವನು ಓದಿದ್ದರೆ ತನ್ನ ಸಹಾಧ್ಯಾಯಿಯೊಬ್ಬನನ್ನು ಕಂಡಂತೆ ಸಂತೋಷಪಡುತ್ತಿದ್ದನು.

ಕನ್ನಡನಾಡಿನಲ್ಲಿಯೂ ಈ ಶಾಸ್ತ್ರವು ಬಹುಕಾಲದಿಂದ ವ್ಯಾಸಂಗದಲ್ಲಿತ್ತು. ರಾಷ್ಟ್ರಕೂಟ ನೃಪತುಂಗನ ಆಸ್ಥಾನವನ್ನು ಸ್ಮರಿಸುವ ಉಗ್ರಾದಿತ್ಯನ 'ಕಲ್ಯಾಣಕಾರಕ'ವು ಸಂಸ್ಕೃತದಲ್ಲಿ ರಚಿತವಾದುದಾದರೂ ಈ ನಾಡಿನ ಜೈನವೈದ್ಯಪರಂಪರೆಗೆ ಸೇರಿದುದು. ೧೯೪೦ರಲ್ಲಿ ಸೊಲ್ಲಾಪುರದಿಂದ ಅಚ್ಚಾಗಿ ಹೊರಬಂದಿತು. ಮಹಾಮಯಗಳಿಗೆ ಪ್ರತ್ಯೇಕವಾದ ಅಧಿಕಾರವನ್ನು ಕಲ್ಪಿಸುವಲ್ಲಿ ಆತನು ಸುಶ್ರುತನ ಜಾಡನ್ನೇ ಹಿಡಿದಿದ್ದಾನೆ. ಸುಶ್ರುತನು ಪ್ರಮೇಹಿಗೆ ಕೊಬ್ಬು ತೆಗೆದ ಜಾಂಗಲಮಾಂಸವನ್ನು ಪಥ್ಯವೆಂದರೆ, ಔಷಧಕ್ಕಾಗಿಯೂ ಮಾಂಸವು ಬೇಕಿಲ್ಲವೆಂದು ರಾಜಸಭೆಯಲ್ಲಿ ಪ್ರತಿಪಾದಿಸಿದ ಉಗ್ರಾದಿತ್ಯನು ಆ ಭಾಗವನ್ನು ಒಪ್ಪುವಂತಿರಲಿಲ್ಲ. ೧೨ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದನು. ಇವರ ಗ್ರಂಥಗಳಲ್ಲಿ ಪಾದರೋಗಗಳ ಕನ್ನಡ ಹೆಸರುಗಳನ್ನು ಹುಡುಕಿ ಪಟ್ಟಿಮಾಡುವ ಕಾರ್ಯವು ನಿಘಂಟುಕಾರರಿಗೂ ಉಪಯುಕ್ತವಾದೀತು.

ಯುರೋಪಿನಲ್ಲಿ ಈ ರೋಗದ ಇತಿಹಾಸವು ಬಹಳ ಈಚಿನದು. ಜರ್ಮನಿಯ ವೂರ್ಟ್ಸ್‌ಬುರ್ಗಿನಲ್ಲಿ ರಂಟ್ಗೆನ್ ಎಂಬ ವಿಜ್ಞಾನಿಯು ೧೮೯೫ರ ನವೆಂಬರಿನಲ್ಲಿ ಕ್ಷಕಿರಣವನ್ನು ಕಂಡುಹಿಡಿದನು. ಐದು ವರ್ಷಗಳೊಳಗೆ, ೧೯೦೦ರಲ್ಲಿ, ಪ್ಲೆಟ್ನರ್ ಎಂಬ ಜರ್ಮನ್ ವೈದ್ಯನು ಹಿಮ್ಮಡಿಯ ಮೂಳೆಯಿಂದ ಹೊರಟ ಅಂಕುರವನ್ನು ವರ್ಣಿಸಿ, ಕುದುರೆಯ ಸವಾರನು ಹಿಮ್ಮಡಿಗೆ ಕಟ್ಟಿಕೊಳ್ಳುವ ಲೋಹದ ಮುಳ್ಳಿನ ಹೆಸರನ್ನು ಅದಕ್ಕೆ ಇಟ್ಟನು. ಸಂಸ್ಕೃತದಲ್ಲಿ ವೇದನೆಯನ್ನು ನೋಡಿ ಮುಳ್ಳೆಂದರು. ಜರ್ಮನ್ ಭಾಷೆಯಲ್ಲಿ ಆಕೃತಿಯನ್ನು ನೋಡಿ ಮುಳ್ಳೆಂದರು. ಎರಡು ಹೆಸರುಗಳ ಹೋಲಿಕೆಯು ಕಾಕತಾಲೀಯವು.

ಚಿತ್ರದಲ್ಲಿ ಮುಳ್ಳು ಕಂಡ ಮೇಲೆ ನೋವಿಗೆ ಅದೇ ಕಾರಣವೆಂದು ನಿರ್ಣಯಿಸಲು ತಡವಾಗಲಿಲ್ಲ. ೨೦ನೆಯ ಶತಮಾನದ ಆರಂಭದಲ್ಲಿ ಕೆಲವು ಶಸ್ತ್ರವೈದ್ಯರು ಗೊನೋರಿಯಾ ಎಂಬ ಗುಹ್ಯರೋಗವೇ ಅದರ ಮೂಲವೆಂದು ಸಾರಿದರು. ಹಿಮ್ಮಡಿ ನೋಯುತ್ತದೆಂದು ಬಂದ ಸದ್ಗೃಹಸ್ಥನು ನೋವಿನ ಜೊತೆಗೆ ಅಪವಾದವನ್ನೂ ಹೊರಬೇಕಾಯಿತು. ಅನೇಕರ ಹಿಮ್ಮಡಿಯನ್ನು ಕೊಯ್ದು ಅಂಕುರವನ್ನು ಕತ್ತರಿಸಿದರು. ಆದರೆ ಕ್ಷಕಿರಣಚಿತ್ರಗಳು ಹೆಚ್ಚಿದಂತೆಲ್ಲ ಆ ನಿರ್ಣಯವು ಸಡಲಿತು. ಅಂಕುರವಿದ್ದೂ ನೋವೇ ಇಲ್ಲದವರು ಬಹುಮಂದಿ. ನೋವಿದ್ದೂ ಅಂಕುರವಿಲ್ಲದವರೂ ಉಂಟು. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಬಿಗಿದುಕೊಂಡಿರುವ ಬಲವಾದ ಪಟ್ಟಿಯೊಂದುಂಟು. ನೋವು ಹೆಚ್ಚಾಗಿ ಆ ಪಟ್ಟಿಯ ಬುಡವು ಜೀರ್ಣವಾಗುವುದರಿಂದ ಹುಟ್ಟುತ್ತದೆಂಬುದು ಈಗ ಅಂಗೀಕೃತವಾಗಿದೆ. ಪಟ್ಟಿಯು ಎಳೆದುದರಿಂದ ಮುಳ್ಳು ಬೆಳೆಯಿತೆಂಬ ಹಳೆಯ ಮತವೂ ನಿಲ್ಲಲಿಲ್ಲ. ಮುಳ್ಳು ಪಟ್ಟಿಯೊಳಗೆ ಇರದೆ ಅದರ ಮೇಲ್ಗಡೆಯಲ್ಲಿರುತ್ತದೆಂದು ೨೦೦೨ರಲ್ಲಿ ಕುಮಾಯಿ ಮತ್ತು ಬೆಂಜಮಿನ್ ಎಂಬವರು ಅಂಗಚ್ಛೇದದಿಂದ ತೋರಿಸಿದರು. ೨೦೦೮ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಒಂದು ಪರಿಶೋಧನೆಯಲ್ಲಿ ೬೨ರಿಂದ ೯೪ ವರ್ಷಗಳ ವಯಸ್ಸಿನ ೨೧೬ ಮಂದಿಯನ್ನು ಪರೀಕ್ಷಿಸಲು ೧೧೯ ಮಂದಿಯಲ್ಲಿ ಹಿಮ್ಮಡಿಯ ಅಡಿಯ ಅಂಕುರವು ಕಂಡಿತು. ಅದಕ್ಕೂ ಪಾದದ ಆಕಾರಕ್ಕೂ ಸಂಬಂಧವಿರಲಿಲ್ಲ, ಸ್ಥೌಲ್ಯಕ್ಕೆ ಸಂಬಂಧವಿದ್ದಿತು. ಮೇಲಿನಿಂದ ಬೀಳುವ ದೇಹಭಾರವನ್ನು ತಾಳುವುದಕ್ಕಾಗಿ ಮೂಳೆಯು ತಾನೇ ಒಡ್ಡಿಕೊಂಡ ಆಸರೆಯೇ ಈ ಅಂಕುರವಾಗಿರಬಹುದೆಂಬ ಮತವು ಇದರಿಂದ ಬಲವಾಯಿತು. ಶತ್ರುವೆಂದು ಎಣಿಸಿ ಕತ್ತರಿಸಿದುದು ಊರುಗೋಲಾಗಿತ್ತು!

ಮಧುಮೇಹದ ಸಂಬಂಧವು ಬೇರೊಂದು ದಾರಿಯಿಂದ ತಿಳಿದುಬಂದಿತು. ೧೯೫೦ರಲ್ಲಿ ಫೊರೆಸ್ಟಿಯೇ ಮತ್ತು ರೋಟೆಸ್ ಕೆರೋಲ್ ಎಂಬವರು ವಯಸ್ಸಾದವರ ಬೆನ್ನೆಲುಬಿನ ಕೀಲುಗಳ ಮೇಲೆ ಮೇಣವು ಹರಿದಂತೆ ಮೂಳೆ ಬೆಳೆಯುವ ಒಂದು ವ್ಯಾಧಿಯನ್ನು ವಿವರಿಸಿದರು. ಬೆನ್ನೆಲುಬಿನಲ್ಲಿ ಮಾತ್ರವಲ್ಲದೆ ಹಿಮ್ಮಡಿ ಮೊಣಕೈ ಮುಂತಾದ ಎಡೆಗಳಲ್ಲಿಯೂ ಅದೇ ಬೆಳವಣಿಗೆಯುಂಟೆಂದು ೧೯೭೫ರಲ್ಲಿ ಅಮೆರಿಕದ ರೆಸ್ನಿಕ್ ಮತ್ತು ಅವನ ಸಂಗಡಿಗರು ತೋರಿಸಿದರು. ಈ ವ್ಯಾಧಿಯವರಲ್ಲಿ ಸ್ಥೂಲರೂ ಮಧುಮೇಹಿಗಳೂ ಹೆಚ್ಚಾಗಿರುವುದನ್ನು ಅನೇಕ ಪರಿಶೋಧಕರು ಕಂಡರು. ಸ್ಥೂಲನ ರಕ್ತದಲ್ಲಿ ಅಧಿಕವಾಗಿರುವ ಇನ್ಸುಲಿನ್ ರಸವೇ ಮೂಳೆಯ ಅಂಕುರಕ್ಕೆ ಗೊಬ್ಬರವಾಗುವುದೋ ಎಂದು ಅವರು ಊಹಿಸುತ್ತಾರೆ. ಹೀಗೆ ಮೇದಸ್ಸಿನ ದೋಷವು ಅಸ್ಥಿಯವರೆಗೂ ಮುಟ್ಟುವುದೆಂದಾಯಿತು. ಧಾತುಪರಂಪರೆಯಲ್ಲಿ ಮೇದಸ್ಸಿನ ಮುಂದಿನ ಧಾತುವು ಅಸ್ಥಿಯೇ ಎಂಬುದು ವೈದ್ಯಪಂಡಿತರಿಗೆ ನೆನಪಾಗದೆ ಇರದು. ಅದು ನೆನಪಾದರೆ ತಪ್ಪಿಲ್ಲ. ಅದನ್ನೇ ಪ್ರಮಾಣವನ್ನಾಗಿ ಮಾಡುವುದು ತಪ್ಪು.

ಆದುದರಿಂದ ವಾತಕಂಟಕವನ್ನು ಮೂಳೆಯ ಮುಳ್ಳಿನೊಡನೆ ಸಮೀಕರಿಸುವವರು ಎರಡು ಶಾಸ್ತ್ರಗಳಿಗೂ ಅನ್ಯಾಯಮಾಡುತ್ತಾರೆ. ಸುಶ್ರುತನು ಕಾಣದ ಮೂಳೆಯನ್ನು ಅವನ ತಲೆಗೆ ಕಟ್ಟುವುದು ಒಂದು. ಆಧುನಿಕರೇ ನೋವಿನ ಕಾರಣವಲ್ಲವೆಂದು ಬಿಟ್ಟ ಮೂಳೆಯನ್ನು ಮತ್ತೆ ಎತ್ತಿಹಿಡಿಯುವುದು ಇನ್ನೊಂದು. ಹಳೆಯ ಲಕ್ಷಣ ಶ್ಲೋಕದಲ್ಲಿರುವುದು ಪಾದವನ್ನು ಊರುವ ರೀತಿ, ಶ್ರಮ, ನೋವು ಈ ಮೂರೇ. ಇಂದಿಗೂ ರೋಗಿಯಿಂದ ಕೇಳಿ ತಿಳಿಯಬೇಕಾದುವು ಈ ಮೂರೇ. ಅದರ ಹಿರಿಮೆಗೆ ಅಷ್ಟು ಸಾಲದೆ?

ಸಮೀಕರಣದಿಂದ ಹುಟ್ಟುವ ಹೆಚ್ಚಿನ ಕೇಡು ಚಿಕಿತ್ಸೆಯಲ್ಲಿದೆ. ವಾತಕಂಟಕಕ್ಕೆ ಸುಶ್ರುತನು ಸಿರಾವ್ಯಧವನ್ನು ಹೇಳಿದ್ದಾನೆ. ಶಾರೀರಸ್ಥಾನದ ಎಂಟನೆಯ ಅಧ್ಯಾಯದಂತೆ, ಪಾದದಲ್ಲಿರುವ ಕ್ಷಿಪ್ರವೆಂಬ ಮರ್ಮದ ಎರಡಂಗುಲ ಮೇಲೆ ವ್ರೀಹಿಮುಖವೆಂಬ ಶಸ್ತ್ರದಿಂದ ಸಿರೆಯನ್ನು ಚುಚ್ಚಬೇಕು. ೧೧ನೆಯ ಶತಮಾನದ ಚಕ್ರಪಾಣಿದತ್ತನ ಸಂಗ್ರಹವೂ ಅದನ್ನು ಅನುಸರಿಸಿದ ಯೋಗಗ್ರಂಥಗಳೂ ಪದೇಪದೇ ರಕ್ತವನ್ನು ತೆಗೆಯುವುದು, ಹರಳೆಣ್ಣೆಯನ್ನು ಕುಡಿಸುವುದು, ಕಾಯ್ದ ಸೂಜಿಗಳಿಂದ ಸುಡುವುದು ಎಂಬ ಮೂರು ಉಪಾಯಗಳನ್ನು ಒಂದೆಡೆ ತಂದವು. ಹಿಮ್ಮಡಿಗೆ ಬರೆಕೊಡುವುದು, ಕಾಯಿಸಿದ ಇಟ್ಟಿಗೆಯ ಮೇಲೆ ಕಾಲಿಡಿಸುವುದು, ಉಪ್ಪಿನ ಗಂಟಿನಿಂದ ಶಾಖಕೊಡುವುದು ಮುಂತಾದ ಊರಮದ್ದುಗಳೂ ಉಷ್ಣವನ್ನೇ ಹಿಡಿದು ಹೊರಟವು. ವಾತರೋಗಕ್ಕೆ ಉಷ್ಣವು ಹಿತವೆಂಬ ಸಾಮಾನ್ಯನ್ಯಾಯಕ್ಕೆ ಇದು ಹೊಂದುತ್ತದೆ. ಹರಳೆಣ್ಣೆಯ ಮಾತು ಇರಲಿ. ಕಾಯ್ದ ಸೂಜಿಯನ್ನು ಮಧುಮೇಹಿಯ ಹಿಮ್ಮಡಿಗೆ ಮುಟ್ಟಿಸಬಹುದೆ?

ಈ ಪ್ರಶ್ನೆಯನ್ನು ವಾತವ್ಯಾಧಿಯ ಅಧ್ಯಾಯದಲ್ಲಿ ಹುಡುಕಿದರೆ ಉತ್ತರವು ಸಿಕ್ಕುವುದಿಲ್ಲ. ಉತ್ತರವು ಎರಡು ಕಡೆ ಹಂಚಿಹೋಗಿದೆ. ಸೂತ್ರಸ್ಥಾನದ ಹನ್ನೆರಡನೆಯ ಅಧ್ಯಾಯವು ಅಗ್ನಿಕರ್ಮವನ್ನು ಯಾರಿಗೆ ಮಾಡಬಾರದೆಂದು ಎಣಿಸುತ್ತದೆ: ಪಿತ್ತಪ್ರಕೃತಿಯವನು, ದುರ್ಬಲನು, ಬಾಲಕನು, ವೃದ್ಧನು, ಭೀರು, ಅನೇಕ ವ್ರಣಗಳಿಂದ ಪೀಡಿತನು ಇತ್ಯಾದಿ, ಕೊನೆಯಲ್ಲಿ ಅಸ್ವೇದ್ಯರು, ಎಂದರೆ ಸ್ವೇದಕರ್ಮಕ್ಕೆ ಅನರ್ಹರು. ಆ ಅಸ್ವೇದ್ಯರು ಯಾರೆಂಬುದು ಚಿಕಿತ್ಸಾಸ್ಥಾನದ ಮೂವತ್ತೆರಡನೆಯ ಅಧ್ಯಾಯದಲ್ಲಿ ಇದೆ. ಅಲ್ಲಿ ಪಾಂಡುರೋಗಿಯ ಪಕ್ಕದಲ್ಲಿಯೇ ಮೇಹಿಯ ಹೆಸರು ಬರುತ್ತದೆ. ಚರಕನೂ ಸೂತ್ರಸ್ಥಾನದ ಹದಿನಾಲ್ಕನೆಯ ಅಧ್ಯಾಯದಲ್ಲಿ ಮಧುಮೇಹಿಯನ್ನು ಸ್ವೇದಕ್ಕೆ ಅನರ್ಹನೆಂದು ಸ್ಪಷ್ಟವಾಗಿ ಹೇಳಿದ್ದಾನೆ. ಈ ವಾಕ್ಯಗಳನ್ನು ಕೂಡಿಸಿದರೆ ಮಧುಮೇಹಿಗೆ ವಾತಕಂಟಕವಿದ್ದರೂ ಶಾಖವೂ ಸಲ್ಲದು, ಸುಡುವುದಂತೂ ಸಲ್ಲವೇ ಸಲ್ಲದೆಂದು ಸಿದ್ಧಿಸುತ್ತದೆ. ಮೀಮಾಂಸಕರ ರೀತಿಯಲ್ಲಿ ಹೇಳುವುದಾದರೆ ಅಗ್ನಿಕರ್ಮದ ಸಾಮಾನ್ಯವಿಧಿಯನ್ನು ಈ ವಿಶೇಷನಿಷೇಧವು ಬಾಧಿಸುತ್ತದೆ. ಯೋಗಗ್ರಂಥವನ್ನು ಮಾತ್ರ ಓದಿದ ವೈದ್ಯನಿಗೆ ವಿಧಿಯು ಸಿಕ್ಕಿತು, ನಿಷೇಧವು ಸಿಕ್ಕಲಿಲ್ಲ. ಸಂಗ್ರಹಗ್ರಂಥಗಳು ಸಂಹಿತೆಗಳನ್ನು ಪಾಠಶಾಲೆಗಳಿಂದ ಹಿಂದಕ್ಕೆ ತಳ್ಳಿದುದರ ಫಲವು ಅನೇಕರ ಅಂಗಾಲಿನಲ್ಲಿ ಕಾಣಬೇಕಾಯಿತು.

ನಿಷೇಧದ ಕಾರಣವು ಈಗ ಎಲ್ಲರಿಗೂ ತಿಳಿದುದೇ ಆಗಿದೆ. ಮಧುಮೇಹವು ಬಹುಕಾಲ ನಿಂತರೆ ಪಾದದ ನರಗಳು ಕ್ಷೀಣಿಸಿ ಸ್ಪರ್ಶಜ್ಞಾನವು ಹೋಗುತ್ತದೆ, ಇಟ್ಟಿಗೆಯ ಕಾವು ಎಷ್ಟೆಂಬುದು ಅವನಿಗೆ ತಿಳಿಯದು, ಬೊಬ್ಬೆಯೆದ್ದರೂ ನೋಯದು, ಹುಣ್ಣಾದರೆ ಮಾಯದು, ಕೊಳೆತರೆ ಕಾಲನ್ನು ಕತ್ತರಿಸಬೇಕಾಗುತ್ತದೆ. ಅವನ ಹಿಮ್ಮಡಿಯ ನೋವು ಒಂದು ದಿನ ತಾನಾಗಿಯೇ ನಿಂತುಹೋದರೆ ಅದು ಗುಣವಾದುದರ ಚಿಹ್ನೆಯೆಂದು ನಂಬುವಂತಿಲ್ಲ. ಚರಕನು ಪಾದಶೂಲೆಯನ್ನೂ ಪಾದಸುಪ್ತತೆಯನ್ನೂ ಬೇರೆಬೇರೆಯಾಗಿ ಎಣಿಸಿದುದರ ಪ್ರಯೋಜನವು ಇಲ್ಲಿ ಗೋಚರವಾಗುತ್ತದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸ್ಪರ್ಶಹೀನವಾದ ಕೈಕಾಲುಗಳನ್ನು ಪರೀಕ್ಷಿಸಿದ ಡಾಕ್ಟರ್ ಪಾಲ್ ಬ್ರಾಂಡ್ ಎಂಬವರು, ಅಂಗಗಳು ನಾಶವಾಗುವುದು ರೋಗದಿಂದಲೇ ಅಲ್ಲ, ನೋವು ತಿಳಿಯದೆ ಅವುಗಳನ್ನು ಬಳಸುವುದರಿಂದ ಎಂದು ತೋರಿಸಿಕೊಟ್ಟರು. ೧೯೬೬ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ಅದೇ ತತ್ತ್ವವನ್ನು ಮಧುಮೇಹಿಗಳ ಪಾದಗಳಿಗೂ ಅನ್ವಯಿಸಿದರು. ವೆಲ್ಲೂರಿನಲ್ಲಿ ಮೆದುವಾದ ರಬ್ಬರಿನ ಅಟ್ಟೆಗಳ ಪಾದರಕ್ಷೆಗಳು ಹುಟ್ಟಿದುದು ಈ ವಿಚಾರದಿಂದಲೇ.

ಇಂತಿರಲು ಸುಶ್ರುತನು ಪ್ರಮೇಹಿಯನ್ನು ಬರಿಗಾಲಿನಲ್ಲಿ ನೂರು ಯೋಜನ ನಡೆಯಿಸಿದುದು ಹೇಗೆ ಹೊಂದುತ್ತದೆ? ಮುನಿಯ ಉಪಮೆಯಿರುವುದರಿಂದ ಬರಿಗಾಲು ತಪಸ್ಸಿನ ಅಂಗವೆಂದೂ, ಆದುದರಿಂದ ಚಿಕಿತ್ಸೆಯ ಅಂಗವೆಂದೂ ಕೆಲವರು ಹೇಳಬಹುದು. ಆದರೆ ಅದೇ ಸುಶ್ರುತನು ಚಿಕಿತ್ಸಾಸ್ಥಾನದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ, ಪಾದರಕ್ಷೆಯು ಪಾದರೋಗಗಳನ್ನು ಕಳೆಯುವುದೆಂದೂ, ಯಾವಾಗಲೂ ಬರಿಗಾಲಿನಲ್ಲಿ ತಿರುಗಾಡುವುದು ಆರೋಗ್ಯಕ್ಕೂ ಆಯುಸ್ಸಿಗೂ ಕಣ್ಣುಗಳಿಗೂ ಕೇಡೆಂದೂ ಹೇಳಿದ್ದಾನೆ. ಹನ್ನೊಂದನೆಯ ಅಧ್ಯಾಯದ ಪಾಠವನ್ನು ಮತ್ತೆ ನೋಡಿದರೆ, ಬರಿಗಾಲಿನ ವಿಶೇಷಣವು ಧನವೂ ಬಂಧುಗಳೂ ಇಲ್ಲದವನಿಗೆ ಮಾತ್ರ ಇದೆ. ಹಸುವಿನ ಹಿಂದೆ ತಿರುಗುವವನಿಗೆ ಇಲ್ಲ, ಉಳುವವನಿಗೆ ಇಲ್ಲ, ಬಾವಿ ತೋಡುವವನಿಗೂ ಇಲ್ಲ. ಅದು ಚಿಕಿತ್ಸೆಯ ಅಂಗವಾಗಿದ್ದರೆ ಎಲ್ಲರಿಗೂ ಹೇಳಬೇಕಾಗಿತ್ತು. ಭಿಕ್ಷಾನ್ನದಂತೆಯೇ, ಊರೂರಿನ ತಂಗುವಿಕೆಯಂತೆಯೇ, ಪಾದರಕ್ಷೆಯಿಲ್ಲದಿರುವುದೂ ಆ ಮನುಷ್ಯನ ಬಡತನದ ಅನುವಾದವೇ ಹೊರತು ವಿಧಿಯಲ್ಲ. ವಿಧಿಯು ನಡೆಗೆಗೆ ಮಾತ್ರ ಸೇರಿದುದು. ಮಾಡಿಸಿಕೊಳ್ಳಲು ಶಕ್ತಿಯುಳ್ಳ ಮಧುಮೇಹಿಯು ಹಿಮ್ಮಡಿಗೆ ಮೆದುವಾದ ಅಟ್ಟೆಯುಳ್ಳ ಪಾದರಕ್ಷೆಯನ್ನು ತೊಟ್ಟು ನಡೆದರೆ ಸುಶ್ರುತನ ಆ ವಾಕ್ಯಕ್ಕೆ ವಿರೋಧವೇನೂ ಬರುವುದಿಲ್ಲ.